ಭಾನುವಾರದ ನೀತಿ ತರಗತಿ: ಬಳ್ಳಾರಿಯ ಧರ್ಮಕೇಂದ್ರವೊಂದರಲ್ಲಿ ಪ್ರೌಢಶಾಲಾ ಮಕ್ಕಳಿಗೆ ನಡೆಯುವ ಪಾಠದ ವಿಮರ್ಶೆ

ಬಳ್ಳಾರಿ ನಗರದ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ ಎಂಟರಿಂದ ಹತ್ತನೆಯ ತರಗತಿವರೆಗಿನ ಮಕ್ಕಳಿಗೆ ಭಾನುವಾರಗಳಂದು ಕ್ರೈಸ್ತ ನೀತಿ ಮತ್ತು ಜೀವನದರ್ಶನದ ಪಾಠ ನಡೆಯುತ್ತದೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಕಳೆದ ಜೂನ್‌ನಿಂದ ಅಲ್ಲಿಗೆ ಹೋಗುತ್ತಿದ್ದಾಳೆ. ಪೋಷಕರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಅಲ್ಲಿ ಅಡ್ಡಿಯಿಲ್ಲವಾದ್ದರಿಂದ ಹಲವು ಪಾಠಗಳನ್ನು ನಾನೂ ಕೇಳಿದ್ದೇನೆ. ಹೊಸ ವರ್ಷದ ದಾಖಲಾತಿಯ ಹೊತ್ತಿನಲ್ಲಿ ಮಕ್ಕಳನ್ನು ಸೇರಿಸಬಹುದೇ ಎಂದು ಕೆಲವರು ವಿಚಾರಿಸುತ್ತಿರುವ ಕಾರಣ ಇದನ್ನು ಬರೆಯುತ್ತಿದ್ದೇನೆ. ಸೇರಿಸಬಹುದು, ಆದರೆ ಅಲ್ಲಿ ಕಲಿಸುವವರನ್ನು ನಂಬಿ ಸೇರಿಸಬೇಕೇ ಹೊರತು ಅಲ್ಲಿ ಕೊಡುವ ಹಾಳೆಗಳನ್ನಾಗಲಿ ವರ್ಷದ ಕೊನೆಯ ಪರೀಕ್ಷೆಯನ್ನಾಗಲಿ ನೋಡಿ ಅಲ್ಲ.

ಕನ್ನಡ ಬಲಿಪೂಜೆ (ಚರ್ಚಿನ ಭಾನುವಾರದ ಆರಾಧನೆ) ಮುಗಿದ ಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ ತರಗತಿ. ವರ್ಷಕ್ಕೆ 300 ರೂಪಾಯಿ ಶುಲ್ಕ, ಅದರಲ್ಲೇ ಒಂದು ನೋಟ್‌ಬುಕ್ ಮತ್ತು ಜೆರಾಕ್ಸ್ ಹಾಳೆಗಳು ಸೇರಿವೆ. ಒಬ್ಬರು ಸಿಸ್ಟರ್ ಮತ್ತು ಒಬ್ಬ ನಿವೃತ್ತ ಉಪನ್ಯಾಸಕರು ಪಾಠ ಮಾಡುತ್ತಾರೆ. ಮಾಧ್ಯಮ ಕನ್ನಡ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳೇ ಹೆಚ್ಚಿರುವ ಈ ಊರಿನಲ್ಲಿ ಬೈಬಲಿನಲ್ಲಿ ಯೇಸುಸ್ವಾಮಿಯ ಜೀವನವನ್ನು ಹೇಳುವ ಮತ್ತಾಯನ ಶುಭಸಂದೇಶದ ಅರ್ಧ ಪುಟವನ್ನು ಗಟ್ಟಿಯಾಗಿ ಓದಲು ಕೆಲವರು ತಡವರಿಸುತ್ತಾರೆ. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾರೆ. ಸಿಸ್ಟರ್ ಅವರನ್ನು ಅವಸರಪಡಿಸುವುದಿಲ್ಲ, ಬೇರೆಯವರಿಗೆ ಓದಲು ಕೊಡುವುದೂ ಇಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸವನ್ನು ಇದೇ ಊರಿನಲ್ಲಿದ್ದು ಮಾಡಿದವರು ಎಂಬ ಸಂಗತಿಯನ್ನು ಉಪನ್ಯಾಸಕರು ಮೊದಲ ತಿಂಗಳಲ್ಲೇ ಮಕ್ಕಳಿಗೆ ಹೇಳಿದರು. ಹ್ಯಾಂಡ್ಸ್ ಕಥೋಲಿಕರಲ್ಲ, ಪ್ರೊಟೆಸ್ಟಂಟರು ಎಂಬುದನ್ನು ಮುಚ್ಚಿಡದೆ, ಅದಕ್ಕೆ ಸಮಜಾಯಿಷಿಯನ್ನೂ ಕೊಡದೆ ಹೇಳಿದ್ದು ನನಗೆ ಹಿಡಿಸಿತು.

ಜ್ಞಾನೋಪದೇಶದ, ಅಂದರೆ ಕ್ರೈಸ್ತ ಧರ್ಮಬೋಧನೆಯ, ತರಗತಿಯೆಂದರೆ ಪ್ರಶ್ನೆ-ಉತ್ತರ ಬಾಯಿಪಾಠ ಮಾಡಿಸುವುದು ಎಂಬ ಅನುಭವ ನಮ್ಮ ತಲೆಮಾರಿನ ಬಹುತೇಕರಿಗೆ ಇದೆ. ಇಲ್ಲಿ ಹಾಗಿಲ್ಲ. ಹೆಚ್ಚಿನ ಭಾನುವಾರಗಳಂದು ಪಾಠ ಆರಂಭವಾಗುವುದು ಕರಿಹಲಗೆಯ ಮೇಲೆ ಬರೆದ ನಾಲ್ಕೈದು ಸಾಲಿನ ಒಂದು ಪ್ರಸಂಗದಿಂದ. ಅದನ್ನು ಓದಿ ಮಕ್ಕಳು ತಮಗೆ ತೋಚಿದ್ದನ್ನು ಮೊದಲು ಹೇಳಬೇಕು; ಶುಭಸಂದೇಶವನ್ನು ತೆರೆಯುವುದು ಆಮೇಲೆ. ಈ ಕ್ರಮದಿಂದ ಆಗುವ ಲಾಭವೆಂದರೆ, ಸಿಸ್ಟರ್ ಯಾವ ಉತ್ತರ ನಿರೀಕ್ಷಿಸುತ್ತಿದ್ದಾರೆ ಎಂದು ಊಹಿಸಿ ಅದನ್ನೇ ಒಪ್ಪಿಸುವ ಜಾಣತನಕ್ಕೆ ಆಸ್ಪದವಿಲ್ಲ.

ಅಂಥ ಪ್ರಸಂಗಗಳಲ್ಲಿ ಒಂದನ್ನು ವಿವರವಾಗಿ ಹೇಳಬೇಕು. ಪರೀಕ್ಷಾ ಕೊಠಡಿಯಲ್ಲಿ ಹಿಂದಿನ ಡೆಸ್ಕಿನ ಗೆಳತಿಗೆ ಉತ್ತರ ತೋರಿಸಬಹುದೇ ಎಂಬುದು ಹಲಗೆಯ ಮೇಲಿದ್ದ ಪ್ರಶ್ನೆ. ‘ತಪ್ಪು’ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿ ಮುಗಿಸಿದರು. ಆಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಅಕಿ ಈ ಸಲ ಫೇಲಾದರೆ ಮದುವಿ ಮಾಡಿಬಿಡ್ತಾರ್ರೀ ಸಿಸ್ಟರ್, ಆಗ?” ಎಂದಳು. ಸಭಾಂಗಣ ಸ್ತಬ್ಧವಾಯಿತು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಕಟ್ಟುಕತೆಯಲ್ಲ. ಸಿಸ್ಟರ್ ಅವಳನ್ನು ಕೂರಿಸಲಿಲ್ಲ. ಒಂದು ಕೃತ್ಯದ ನೈತಿಕತೆಯನ್ನು ತೂಗುವಾಗ ಮೂರು ಸಂಗತಿಗಳನ್ನು ನೋಡಬೇಕೆಂದು ಧರ್ಮಸಭೆ ಕಲಿಸುತ್ತದೆ: ಮಾಡಿದ ಕೆಲಸ ಯಾವುದು, ಮಾಡಿದವರ ಉದ್ದೇಶವೇನು, ಸಂದರ್ಭ ಎಂಥದು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸರಿಂದ ಹಿಡಿದು 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥದವರೆಗೆ ನಡೆದುಬಂದಿರುವ ಈ ವಿಚಾರವನ್ನು ಅವರು ಹಲಗೆಯ ಮೇಲೆ ಮೂರು ಅಂಕಣವಾಗಿ ಬರೆದು, ಆ ಹುಡುಗಿಯ ಕೈಗೇ ಸೀಮೆಸುಣ್ಣ ಕೊಟ್ಟರು. ಉದ್ದೇಶದ ಅಂಕಣದಲ್ಲಿ ಅವಳು ‘ಗೆಳತಿಯನ್ನು ಉಳಿಸುವುದು’ ಎಂದು ಬರೆದಳು. ಸಂದರ್ಭದ ಅಂಕಣದಲ್ಲಿ ‘ಬೇರೆ ದಾರಿ ಇಲ್ಲ’ ಎಂದು ಬರೆದಳು. “ಬೇರೆ ದಾರಿ ಇಲ್ಲ ಅನ್ನೋದು ಖಾತ್ರಿ ಏನು?” ಎಂದು ಸಿಸ್ಟರ್ ಕೇಳಿದರು.

ಅಲ್ಲಿಂದ ಚರ್ಚೆ ಪರೀಕ್ಷಾ ಕೊಠಡಿಯನ್ನು ಬಿಟ್ಟು ಹೊರಗೆ ಬಂತು. ಪರೀಕ್ಷೆಗೆ ಇನ್ನೂ ಎಷ್ಟು ತಿಂಗಳಿವೆ, ಗಣಿತದಲ್ಲಿ ಪಾಸಾಗುವಷ್ಟನ್ನು ಗೆಳತಿಗೆ ಕಲಿಸಬಲ್ಲವರು ತರಗತಿಯಲ್ಲಿ ಯಾರಿದ್ದಾರೆ, ಅವಳ ಅಪ್ಪನೊಡನೆ ಮಾತನಾಡಬಲ್ಲ ಟೀಚರ್ ಯಾರು ಎಂದು ಮಕ್ಕಳೇ ಪಟ್ಟಿ ಮಾಡಿದರು. ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಿಸುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನೂ, ಮಕ್ಕಳ ಸಹಾಯವಾಣಿ 1098 ಎಂಬುದನ್ನೂ ಸಿಸ್ಟರ್ ಹಲಗೆಯ ಮೇಲೆ ದೊಡ್ಡದಾಗಿ ಬರೆದರು. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಕೆಟ್ಟ ಕೆಲಸ ಒಳ್ಳೆಯದಾಗುವುದಿಲ್ಲ ಎಂಬ ಸೂತ್ರವನ್ನು ಅವರು ಹೇಳಿದರಾದರೂ ಅದನ್ನು ಹೇಳಿದ್ದು ಕೊನೆಯಲ್ಲಿ, ಅದೂ ಆ ಹುಡುಗಿಯ ಪ್ರಶ್ನೆ ಕ್ಷುಲ್ಲಕವೆಂಬ ಧ್ವನಿ ಬಾರದ ಹಾಗೆ. ಹೀಗೆ ಕಲಿಸಲು ಧೈರ್ಯವೂ ಓದೂ ಎರಡೂ ಬೇಕು. ಶಾಲೆಗಳ ನೀತಿಪಾಠದ ಅವಧಿಯಲ್ಲಿ ನಾನು ಇದನ್ನು ಕಂಡಿಲ್ಲ.

ದ್ರಾಕ್ಷಿತೋಟದ ಕೂಲಿಗಳ ಸಾಮತಿಯ (ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆಯ) ದಿನವೂ ಇಷ್ಟೇ ಚೆನ್ನಾಗಿತ್ತು. ಮತ್ತಾಯ 20ನೆಯ ಅಧ್ಯಾಯದಲ್ಲಿ ತೋಟದ ಯಜಮಾನ ಬೆಳಗಿನ ಜಾವದಿಂದ ಸಂಜೆ ಐದರವರೆಗೆ ಬೇರೆಬೇರೆ ಹೊತ್ತಿನಲ್ಲಿ ಕೂಲಿಗಳನ್ನು ಕರೆದೊಯ್ದು, ಕೊನೆಗೆ ಎಲ್ಲರಿಗೂ ಒಂದೊಂದು ದೆನಾರಿ ನಾಣ್ಯವನ್ನೇ ಕೊಡುತ್ತಾನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಕೂಲಿ ಪೀಸಿನ ಲೆಕ್ಕ. ಎಷ್ಟು ಪೀಸೋ ಅಷ್ಟು ದುಡ್ಡು. ತಾಯಿ ಮನೆಯಲ್ಲೇ ಕುಳಿತು ಜೀನ್ಸಿನ ದಾರ ಕತ್ತರಿಸುವ ಕೆಲಸ ಮಾಡುವ ಹುಡುಗನೊಬ್ಬ, “ಹಂಗಾದ್ರ ನಾಳಿಂದ ಎಲ್ಲಾರೂ ಐದಕ್ಕೇ ಬರ್ತಾರಲ್ರೀ” ಎಂದಾಗ ಎಲ್ಲರೂ ನಕ್ಕರು. ಉಪನ್ಯಾಸಕರು ನಗಲಿಲ್ಲ. ಒಂದು ದೆನಾರಿಯೆಂದರೆ ಆಗಿನ ಒಂದು ದಿನದ ಕೂಲಿ, ಒಂದು ಸಂಸಾರದ ಆ ದಿನದ ಊಟ ಎಂದು ವಿವರಿಸಿದರು. ‘ದಿನವೆಲ್ಲ ಸುಮ್ಮನೆ ಏಕೆ ನಿಂತಿದ್ದೀರಿ’ ಎಂದು ಯಜಮಾನ ಕೇಳಿದಾಗ ‘ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ’ ಎಂದು ಅವರು ಕೊಡುವ ಉತ್ತರವನ್ನು ಎರಡು ಬಾರಿ ಓದಿಸಿದರು. ಬೆಳಿಗ್ಗೆ ಸರ್ಕಲ್‌ನಲ್ಲಿ ಬುತ್ತಿ ಹಿಡಿದು ನಿಲ್ಲುವ ಗಾರೆಕೆಲಸದವರಲ್ಲಿ ಹತ್ತು ಗಂಟೆಯಾದರೂ ಯಾರೂ ಕರೆಯದೆ ಉಳಿಯುವವರು ಎಂಥವರು ಎಂದು ಕೇಳಿದರು. ವಯಸ್ಸಾದವರು, ಸಣ್ಣ ಮಕ್ಕಳನ್ನು ಕರೆತಂದ ಹೆಂಗಸರು ಎಂಬ ಉತ್ತರಗಳು ತಾವಾಗಿ ಬಂದವು. ಕೂಲಿಯವನ ಸಂಬಳವನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂಬ, ಬೈಬಲಿನ ಧರ್ಮೋಪದೇಶಕಾಂಡದ ಕಟ್ಟಳೆಯನ್ನೂ (24:15) ಅಂದೇ ಓದಿದರು. ಆದರೂ ಆ ಹುಡುಗ ಪೂರ್ತಿ ಒಪ್ಪಲಿಲ್ಲ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೆ ಅನ್ಯಾಯವೇ ಆಯಿತೆಂದು ಅವನ ವಾದ. ಉಪನ್ಯಾಸಕರು ಅದನ್ನು ಅಷ್ಟಕ್ಕೇ ಬಿಟ್ಟರು. ಸಾಮತಿಯೊಳಗೆ ಗೊಣಗುವವರ ವಾದವೂ ಅದೇ ಆಗಿದೆ. ಅದನ್ನು ಹುಡುಗನ ಬಾಯಿಂದ ಕೇಳಿದ್ದರಿಂದ ಪಾಠಕ್ಕೆ ಕಳೆ ಬಂತು ಎಂದೇ ನಾನು ತಿಳಿದಿದ್ದೇನೆ.

ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನವನ್ನು ಬೈಬಲಿನ ಹತ್ತು ಕಟ್ಟಳೆಗಳ ಪಕ್ಕದಲ್ಲಿಟ್ಟು ಓದಿಸಿದ ಪಾಠವೂ ಒಂದಿತ್ತು. ಇಂಥ ಹೋಲಿಕೆ ಸಾಮಾನ್ಯವಾಗಿ ‘ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಇಲ್ಲಿ ವ್ಯತ್ಯಾಸಗಳನ್ನು ಹುಡುಕಲು ಹೇಳಿದರು. ಕಟ್ಟಳೆಗಳಲ್ಲಿ ದೇವರಿಗೆ ಸಂಬಂಧಿಸಿದವು ಮೊದಲು ಬರುತ್ತವೆ, ವಚನ ನೇರವಾಗಿ ನಡತೆಯಿಂದಲೇ ಆರಂಭವಾಗುತ್ತದೆ. ‘ಮುನಿಯಬೇಡ’ ಎಂಬುದು ಹತ್ತು ಕಟ್ಟಳೆಗಳಲ್ಲಿ ಇಲ್ಲ, ಆದರೆ ಯೇಸುಸ್ವಾಮಿಯ ಪರ್ವತ ಪ್ರಬೋಧನೆಯಲ್ಲಿ ಕೊಲೆಯ ಕಟ್ಟಳೆಯನ್ನು ಕೋಪದವರೆಗೆ ವಿಸ್ತರಿಸಿದ ಮಾತಿದೆ. ಇದನ್ನು ಗುರುತಿಸಿದವಳು ಎಂಟನೆಯ ತರಗತಿಯ ಹುಡುಗಿ.

ಇನ್ನು ಕೊರತೆಗಳು. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರಿಯದವನ ಸಾಮತಿಯ ಪಾಠ ಅರ್ಧಕ್ಕೆ ನಿಂತಿತು. ರಸ್ತೆ ಅಪಘಾತದಲ್ಲಿ ಬಿದ್ದವರಿಗೆ ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಪೀಡಿಸುವಂತಿಲ್ಲ ಎಂಬ ರಕ್ಷಣೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿದೆ ಎಂದು ತಿಳಿಸಿದರು. ಅದಿರಿನ ಲಾರಿಗಳು ಓಡಾಡುವ ರಸ್ತೆಗಳ ಮಕ್ಕಳಿಗೆ ಇದು ಬೇಕಾದ ತಿಳಿವಳಿಕೆಯೇ. ಆದರೆ ಯೆಹೂದ್ಯರು ಸಮಾರಿಯದವರನ್ನು ಹೀನವಾಗಿ ಕಾಣುತ್ತಿದ್ದರು, ಅಂಥವನೊಬ್ಬನನ್ನು ಯೇಸುಸ್ವಾಮಿ ಆದರ್ಶವಾಗಿ ನಿಲ್ಲಿಸಿದರು ಎಂಬುದೇ ಈ ಕಥೆಯ ಮೊನೆ. ಅದನ್ನು ಒಂದು ವಾಕ್ಯದಲ್ಲಿ ದಾಟಿಬಿಟ್ಟರು. ಜಾತಿಯ ಮಾತು ಬರಲೇ ಇಲ್ಲ. ಕ್ರೈಸ್ತರಾದ ಮೇಲೂ ಸಂಬಂಧ ಬೆಳೆಸುವಾಗ ಜಾತಿ ಕೇಳುವ ಮನೆಗಳು ನಮ್ಮಲ್ಲಿ ಇವೆ ಎಂಬುದು ಆ ಸಭಾಂಗಣದಲ್ಲಿದ್ದ ಪ್ರತಿ ಮಗುವಿಗೂ ಗೊತ್ತು. ಬಾಲ್ಯವಿವಾಹದ ಬಗ್ಗೆ ಅಷ್ಟು ನಿರ್ಭೀತರಾಗಿದ್ದವರು ಇಲ್ಲಿ ಏಕೆ ಹಿಂಜರಿದರೋ ಕಾಣೆ. ಪೋಷಕರು ಹಿಂದೆ ಕುಳಿತಿದ್ದದ್ದೂ ಒಂದು ಕಾರಣವಿರಬಹುದು.

ಹಾಳೆಗಳ ವಿಷಯಕ್ಕೆ ಬಂದರೆ, ಅವು ಬೇರೆಲ್ಲೋ ಸಿದ್ಧವಾದ ಪಾಠಗಳ ಕನ್ನಡ ಅವತರಣಿಕೆಗಳು, ಮತ್ತು ಭಾಷೆ ಕಬ್ಬಿಣದ ಕಡಲೆ. ಸೃಷ್ಟಿಯ ಕಾಳಜಿ ಕುರಿತ ಹಾಳೆಯಲ್ಲಿ ಪೋಪ್ ಫ್ರಾನ್ಸಿಸ್ ಅವರ 2015ರ ವಿಶ್ವಪತ್ರದ (ಪೋಪರು ಇಡೀ ಧರ್ಮಸಭೆಗೆ ಬರೆಯುವ ಪತ್ರದ) ಸಾರವಿದೆ, ಅಮೆಜಾನ್ ಕಾಡಿದೆ, ಧ್ರುವಪ್ರದೇಶದ ಹಿಮವಿದೆ, ನಮ್ಮ ಜಿಲ್ಲೆಯದೇ ಗಣಿಗಳ ಸಂಡೂರು ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದ್ದು, 2013ರಲ್ಲಿ ಷರತ್ತುಗಳೊಡನೆ ಕೆಲವು ಗಣಿಗಳಿಗೆ ಅನುಮತಿ ಕೊಟ್ಟು ಅಕ್ರಮ ಹೆಚ್ಚಾಗಿದ್ದ ಗುತ್ತಿಗೆಗಳನ್ನು ರದ್ದುಪಡಿಸಿದ್ದು, ಹಾಳಾದ ಭೂಮಿಯ ಪುನಶ್ಚೇತನಕ್ಕೆ ಗಣಿಗಳೇ ಹಣ ತೆರಬೇಕೆಂದದ್ದು ಈ ಮಕ್ಕಳ ಬೆನ್ನ ಹಿಂದೆಯೇ ನಡೆದ ಸಂಗತಿಗಳು. ಅನ್ಯಾಯವಾಗಿ ಪಡೆದದ್ದನ್ನು ನಾಲ್ಕು ಪಾಲು ಹಿಂದಿರುಗಿಸುತ್ತೇನೆಂದ ಸುಂಕ ವಸೂಲಿಯ ಜಕ್ಕಾಯನ ಕಥೆಯನ್ನು (ಲೂಕ 19) ಇದರ ಜೊತೆಗಿಟ್ಟು ಓದಿಸಿದ್ದರೆ ಪಶ್ಚಾತ್ತಾಪಕ್ಕೂ ನಷ್ಟ ತುಂಬಿಕೊಡುವುದಕ್ಕೂ ಇರುವ ನಂಟು ಮಕ್ಕಳಿಗೆ ತಟ್ಟನೆ ಹೊಳೆಯುತ್ತಿತ್ತು. ಜಕ್ಕಾಯನ ಪಾಠ ನಡೆದದ್ದು ಬೇರೊಂದು ಭಾನುವಾರ, ಅದೂ ಅವನು ಕುಳ್ಳನಾಗಿದ್ದು ಮರ ಹತ್ತಿದ ಕಥೆಯಾಗಿ.

ಪರೀಕ್ಷೆಯಂತೂ ಇಡೀ ವರ್ಷದ ಕಲಿಕೆಗೆ ಹೊಂದುವಂಥದ್ದಲ್ಲ. ಐವತ್ತು ಅಂಕಗಳ ಪ್ರಶ್ನೆಪತ್ರಿಕೆಯಲ್ಲಿ ‘ಎಂಟು ಧನ್ಯವಾಕ್ಯಗಳನ್ನು ಕ್ರಮವಾಗಿ ಬರೆಯಿರಿ’, ‘ನಾಲ್ಕು ಮೂಲ ಸದ್ಗುಣಗಳು ಯಾವುವು?’, ‘ಬಿಟ್ಟ ಸ್ಥಳ ತುಂಬಿರಿ’ ಎಂಬಂಥವೇ ಇದ್ದವು. ವಿವೇಕ, ನ್ಯಾಯ, ಸ್ಥೈರ್ಯ, ಮಿತವರ್ತನೆ ಎಂದು ಸರಿಯಾಗಿ ಬರೆದವರಿಗೆ ನಾಲ್ಕು ಅಂಕ. ದಾರ ಕತ್ತರಿಸುವವಳ ಮಗ ಈ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದನೆಂದು ಮಗಳು ಹೇಳಿದಾಗ ನನಗೆ ಬೇಸರವಾಯಿತು. ಅಂಕಪಟ್ಟಿಯನ್ನು ಚರ್ಚಿನ ಸೂಚನಾ ಫಲಕಕ್ಕೆ ಅಂಟಿಸುವ ಪದ್ಧತಿಯನ್ನಾದರೂ ಕೈಬಿಡಬೇಕು. ವಾರವಿಡೀ ಟ್ಯೂಷನ್ನು, 625ಕ್ಕೆ ಎಷ್ಟು ಎಂಬ ವಿಚಾರಣೆಗಳ ನಡುವೆ ಇರುವ ಮಕ್ಕಳಿಗೆ ಭಾನುವಾರವೂ ರ‍್ಯಾಂಕ್ ಬೇಡ.

ಜೀವನದರ್ಶನ ಎಂದು ಕರೆಯುವ ಭಾಗ ಚಿಕ್ಕದು. ಲೊಯೋಲಾದ ಸಂತ ಇಗ್ನೇಷಿಯಸರು ರೂಢಿಗೆ ತಂದ ದಿನಾಂತ್ಯದ ಆತ್ಮಪರಿಶೀಲನೆಯನ್ನು ಸರಳಗೊಳಿಸಿ, ಮಲಗುವ ಮುನ್ನ ನೋಟ್‌ಬುಕ್ಕಿನಲ್ಲಿ ಕೆಲವು ಸಾಲು ಬರೆಯಲು ಹೇಳಿದ್ದಾರೆ: ಇಂದು ಯಾವುದಕ್ಕೆ ಕೃತಜ್ಞತೆ, ಎಲ್ಲಿ ಎಡವಿದೆ, ನಾಳೆ ಏನು. ಈ ನೋಟ್‌ಬುಕ್ಕನ್ನು ಯಾರೂ ತಿದ್ದುವುದಿಲ್ಲ, ಪೋಷಕರೂ ತೆರೆಯಬಾರದೆಂಬ ನಿಯಮವಿದೆ. ನಾನು ತೆರೆದಿಲ್ಲ, ಮಗಳು ಬರೆಯುತ್ತಿರುವುದು ಮಾತ್ರ ಕಾಣುತ್ತದೆ.

ಕ್ರೈಸ್ತರಲ್ಲದ ಮನೆಗಳವರೂ ವಿಚಾರಿಸುತ್ತಿರುವುದರಿಂದ ಒಂದು ಮಾತು. ಕ್ರೈಸ್ತ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದೇ ಅವಧಿಯಲ್ಲಿ ಕ್ರೈಸ್ತ ಮಕ್ಕಳಿಗೆ ಜ್ಞಾನೋಪದೇಶವೂ ಉಳಿದವರಿಗೆ ನೀತಿಪಾಠವೂ ನಡೆಯುವುದುಂಟು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಇದು ಶಾಲೆಯ ತರಗತಿಯಲ್ಲ, ಧರ್ಮಕೇಂದ್ರದ್ದು. ಆದರೂ ಬೇರೆ ಧರ್ಮದ ಮಗು ಬಂದರೆ ತಂದೆತಾಯಿ ಇಬ್ಬರ ಸಹಿಯಿರುವ ಪತ್ರ ಕೇಳುತ್ತಾರೆ. ಪಾಠ ಪ್ರಾರ್ಥನೆಯಿಂದ ಆರಂಭವಾಗಿ ಪ್ರಾರ್ಥನೆಯಿಂದಲೇ ಮುಗಿಯುತ್ತದೆ, ನೆಲೆಗಟ್ಟು ಕ್ರೈಸ್ತ ವಿಶ್ವಾಸವೇ ಎಂಬುದನ್ನು ಮೊದಲೇ ತಿಳಿಸಿ ಸೇರಿಸಿಕೊಳ್ಳುತ್ತಾರೆ. ಧರ್ಮದ ಸೋಂಕಿಲ್ಲದ ನೀತಿಪಾಠ ಬೇಕೆನ್ನುವವರಿಗೆ ಇದು ಒಗ್ಗದು.

ಎಂಟನೆಯ ತರಗತಿಯ ಮಕ್ಕಳಲ್ಲಿ ಹಲವರಿಗೆ ಚರ್ಚೆ ಹಿಡಿಸಲಿಲ್ಲ, ಸುಮ್ಮನೆ ಕುಳಿತಿದ್ದರು. ಒಂಬತ್ತಕ್ಕೆ ಸೇರಿಸುವುದು ಸರಿಯಾದ ವಯಸ್ಸು ಎಂದು ನನ್ನ ಎಣಿಕೆ. ಹತ್ತನೆಯವರಿಗೆ ಜನವರಿಯ ನಂತರ ತರಗತಿ ಇರುವುದಿಲ್ಲ. ದಾಖಲಾತಿ ಮೇ ತಿಂಗಳ ಕೊನೆಯ ಭಾನುವಾರ, ಪೂಜೆಯ ನಂತರ. ಜುಲೈನಲ್ಲಿ ನಡೆಯುವ ಪೋಷಕರ ಸಭೆಯಲ್ಲಿ ಹಾಳೆಗಳನ್ನು ಇಲ್ಲಿಯವರೇ ಬರೆಯಬೇಕು, ಪರೀಕ್ಷೆಯ ಬದಲು ಪ್ರಸಂಗವೊಂದರ ಮೇಲೆ ಒಂದು ಪುಟ ಬರೆಸಬೇಕು ಎಂದು ಲಿಖಿತವಾಗಿ ಕೊಡುವ ಉದ್ದೇಶ ನನಗಿದೆ. ಸಹಿ ಹಾಕುವ ಪೋಷಕರು ಅಂದು ಜೊತೆಗಿದ್ದರೆ ಅನುಕೂಲ.