ಅಯಾನ್ ಕ್ರೊಮ್ಯಾಟೋಗ್ರಾಫ್: ಬ್ಯಾಕ್‌ಗ್ರೌಂಡ್ ಏರಿತೆಂದು ಸಪ್ರೆಸರ್ ಬದಲಿಸಲು ಹೊರಡಬೇಡಿ

ಕುಡಿಯುವ ನೀರು ಪರೀಕ್ಷಿಸುವ ನಮ್ಮ ಲ್ಯಾಬಿನಲ್ಲಿ ನೀರಿನಲ್ಲಿ ಕರಗಿದ ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ಈ ಯಂತ್ರ ವರ್ಷಗಳಿಂದ ದುಡಿಯುತ್ತಿದೆ. ಮೂರು ಕೋಶಗಳ ಸಪ್ರೆಸರ್ (ಎಲ್ಯುಯೆಂಟ್‌ನ ಸ್ವಂತ ವಿದ್ಯುತ್ ವಾಹಕತೆಯನ್ನು ತಗ್ಗಿಸುವ ಭಾಗ) ಇರುವ, ಕಾರ್ಬೊನೇಟ್ ಎಲ್ಯುಯೆಂಟ್‌ನಲ್ಲಿ (ಸ್ಯಾಂಪಲನ್ನು ಹೊತ್ತೊಯ್ಯುವ ದ್ರಾವಣ) ನಡೆಯುವ ಮಾದರಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೊಳವೆಬಾವಿ ನೀರೇ ಹೆಚ್ಚು ಬರುತ್ತದೆ. ಒಂದೇ ಇಂಜೆಕ್ಷನ್‌ಗೆ ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್, ಸಲ್ಫೇಟ್ ಎಲ್ಲ ಸಿಗುತ್ತವೆ. ಅಯಾನುಗಳನ್ನು ಬೇರ್ಪಡಿಸುವ ಕಾಲಮ್, ಪಂಪ್ ಬಗ್ಗೆ ನನಗೆ ತಕರಾರಿಲ್ಲ. ಕೊಳ್ಳುವವರು ಮೊದಲೇ ತಿಳಿದಿರಬೇಕಾದದ್ದು ಬ್ಯಾಕ್‌ಗ್ರೌಂಡ್ ಕಂಡಕ್ಟಿವಿಟಿಯ, ಅಂದರೆ ಸ್ಯಾಂಪಲ್ ಇಲ್ಲದಾಗಲೂ ಡಿಟೆಕ್ಟರ್ ತೋರಿಸುವ ವಿದ್ಯುತ್ ವಾಹಕತೆಯ ವಿಚಾರ.

3.2 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್, 1.0 ಮಿಲಿಮೋಲಾರ್ ಬೈಕಾರ್ಬೊನೇಟ್ ಹಾಕಿದರೆ ಸಪ್ರೆಸರ್ ದಾಟಿದ ಮೇಲೆ ಸುಮಾರು 15 ಮೈಕ್ರೋಸೀಮೆನ್ಸ್ ಉಳಿಯುತ್ತದೆ. ಸೋಡಿಯಂ ಜಾಗಕ್ಕೆ ಹೈಡ್ರೋಜನ್ ಅಯಾನು ಬಂದು ಕಾರ್ಬೊನೇಟ್ ದುರ್ಬಲ ಕಾರ್ಬೋನಿಕ್ ಆಮ್ಲವಾಗುವುದರಿಂದ ಇಷ್ಟಾದರೂ ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಅದೇ 25, 30ಕ್ಕೆ ಏರಿತೆಂದರೆ ಮೊದಲ ಪೆಟ್ಟು ಫ್ಲೋರೈಡ್‌ಗೆ. ಎಲ್ಲಕ್ಕಿಂತ ಮುಂಚೆ ಹೊರಬರುವ ಪೀಕ್ ಅದು, ಪಕ್ಕದಲ್ಲೇ ವಾಟರ್ ಡಿಪ್ (ಸ್ಯಾಂಪಲಿನ ನೀರು ಹಾದುಹೋಗುವಾಗ ಗೆರೆಯಲ್ಲಿ ಬೀಳುವ ತಗ್ಗು). ಬ್ಯಾಕ್‌ಗ್ರೌಂಡ್ ಏರಿದಷ್ಟೂ ಡಿಪ್ ಆಳವಾಗಿ ಪೀಕಿನ ಬುಡವನ್ನೇ ತಿನ್ನುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5. ಊರೊಂದರ ಬಾವಿ ಕುಡಿಯಲು ಯೋಗ್ಯವೇ ಎಂಬ ತೀರ್ಮಾನ ಈ ಸಣ್ಣ ಅಂತರದಲ್ಲಿ ನಿಂತಿರುವಾಗ ಅಡ್ಡಾದಿಡ್ಡಿ ಬೇಸ್‌ಲೈನ್ (ಪೀಕ್‌ಗಳ ತಳದ ಗೆರೆ) ಇಟ್ಟುಕೊಂಡು ವರದಿಗೆ ಸಹಿ ಹಾಕಲಾಗದು.

ನಮ್ಮಲ್ಲಿ ಬ್ಯಾಕ್‌ಗ್ರೌಂಡ್ ಮೊದಲ ಸಲ ಏರಿದಾಗ ಬಂದ ಸರ್ವಿಸ್ ಎಂಜಿನಿಯರ್ ನೇರವಾಗಿ ಹೊಸ ಸಪ್ರೆಸರ್‌ಗೆ ಕೊಟೇಷನ್ ಬರೆದರು. ಒಪ್ಪಿಕೊಳ್ಳುವ ಮುಂಚೆ ಹಳೆಯ ಕ್ರೊಮ್ಯಾಟೋಗ್ರಾಮ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆವು. ಪ್ರತಿ ಇಂಜೆಕ್ಷನ್‌ಗೂ ಸಪ್ರೆಸರ್ ಒಂದು ಹೆಜ್ಜೆ ತಿರುಗುತ್ತದೆ: ಒಂದು ಕೋಶ ಕೆಲಸದಲ್ಲಿ, ಇನ್ನೊಂದರೊಳಗೆ ಅದನ್ನು ಮತ್ತೆ ಸಜ್ಜುಗೊಳಿಸುವ ಸಲ್ಫ್ಯೂರಿಕ್ ಆಮ್ಲ, ಮತ್ತೊಂದರಲ್ಲಿ ತೊಳೆಯುವ ನೀರು. ಒಂದೇ ಕೋಶ ಕೆಟ್ಟಿದ್ದರೆ ಮೂರಕ್ಕೊಂದು ರನ್ ಮಾತ್ರ ಏರಬೇಕು. ನಮ್ಮಲ್ಲಿ ಮೂರೂ ಸಮನಾಗಿ ಏರಿದ್ದವು. ಅಂದರೆ ಮೂರಕ್ಕೂ ಸಿಗಬೇಕಾದ ಆಮ್ಲವೇ ಸಿಗುತ್ತಿಲ್ಲ. ಹೊರಬರುವ ಆಮ್ಲವನ್ನು ಅಳತೆ ಜಾಡಿಯಲ್ಲಿ ಹಿಡಿದು ನೋಡಿದರೆ ಹರಿವು ಅರ್ಧಕ್ಕಿಂತ ಕಡಿಮೆ. ಆಮ್ಲ ತಳ್ಳುವ ಪೆರಿಸ್ಟಾಲ್ಟಿಕ್ ಪಂಪಿನ (ಟ್ಯೂಬನ್ನು ಉರುಳೆಗಳಿಂದ ಒತ್ತಿ ದ್ರವ ಸಾಗಿಸುವ ಪಂಪ್) ಟ್ಯೂಬ್ ಉರುಳೆಗಳ ಕೆಳಗೆ ಚಪ್ಪಟೆಯಾಗಿ ಸೋತಿತ್ತು. ಟ್ಯೂಬ್ ಬದಲಿಸಿದೆವು, ಬ್ಯಾಕ್‌ಗ್ರೌಂಡ್ ಇಳಿಯಿತು. ಸಪ್ರೆಸರ್ ಇವತ್ತಿಗೂ ಹಳೆಯದೇ.

ತೊಳೆಯುವ ನೀರಿನ ಟ್ಯೂಬ್ ಸೋತರೆ ಲಕ್ಷಣ ಬೇರೆ. ಕೋಶದಲ್ಲಿ ಉಳಿದ ಆಮ್ಲದಿಂದ ರನ್ ಶುರುವಿನಲ್ಲಿ ಬೇಸ್‌ಲೈನ್ ಮೇಲೆ ನಿಂತು ನಿಧಾನಕ್ಕೆ ಜಾರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಕಬ್ಬಿಣ ಕೋಶದೊಳಗಿನ ರೆಸಿನ್‌ಗೆ (ಅಯಾನುಗಳನ್ನು ಅದಲುಬದಲು ಮಾಡುವ ಮಣಿಗಳು) ಹಿಡಿದುಕೊಂಡರೆ ಬರಿಯ ಸಲ್ಫ್ಯೂರಿಕ್ ಸಾಲದು, ಆಕ್ಸಾಲಿಕ್ ಆಮ್ಲ ಸೇರಿಸಿ ಹರಿಸಬೇಕಾಗುತ್ತದೆ. ಇಂಥ ಸ್ಯಾಂಪಲ್‌ಗಳನ್ನು ಶುದ್ಧ ನೀರು ಬೆರೆಸಿ ತೆಳುವಾಗಿಸದೆ, ಸೋಸದೆ ಇಂಜೆಕ್ಟ್ ಮಾಡಲೇಬೇಡಿ.

ಸಪ್ರೆಸರ್ ಮೇಲೆ ಅನುಮಾನ ಬಂದರೆ ಕಾಲಮ್, ಸಪ್ರೆಸರ್ ಎರಡನ್ನೂ ಬಿಟ್ಟು ಶುದ್ಧ ನೀರನ್ನು ನೇರ ಡಿಟೆಕ್ಟರ್‌ಗೆ ಹರಿಸಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದ ಒಳ್ಳೆಯ ನೀರೂ ಸುಮಾರು 1 ಮೈಕ್ರೋಸೀಮೆನ್ಸ್ ತೋರಿಸುತ್ತದೆ. ಅದಕ್ಕಿಂತ ಬಹಳ ಮೇಲಿದ್ದರೆ ತಪ್ಪು ನೀರಿನದ್ದು ಅಥವಾ ಡಿಟೆಕ್ಟರ್ ಸೆಲ್‌ನದ್ದು. ಆಮೇಲೆ ಸಪ್ರೆಸರ್ ಸೇರಿಸಿ ನೋಡಿ, ಕೊನೆಗೆ ಎಲ್ಯುಯೆಂಟ್. ನೀರಿನ ಯಂತ್ರದ ಪರದೆಯಲ್ಲಿ 18.2 ಮೆಗಾಓಮ್ (ಅತಿ ಶುದ್ಧ ನೀರಿನ ಗುರುತು) ಎಂದಿದ್ದರೆ ಅದು ನಲ್ಲಿ ಬಾಯಿಯ ಮಾತು. ಕ್ಯಾನಿನಲ್ಲಿ ದಿನಗಟ್ಟಲೆ ಇಟ್ಟ ನೀರಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಕಟ್ಟಡಕ್ಕೆ ಕೊಳವೆಬಾವಿ ನೀರು ಬಿಡತೊಡಗಿದರೆ ಶುದ್ಧೀಕರಣದ ರೆಸಿನ್ ಬೇಗ ಮುಗಿಯುತ್ತದೆ, ಏಕೆಂದರೆ ಆ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಆರ್‌ಓ ಪೊರೆ ತಡೆಯುವುದಿಲ್ಲ.

ಕರೆಂಟ್ ಹೋಗಿ ಎಸಿ ನಿಂತಾಗಲೂ ಅಂಕಿ ಅಲ್ಲಾಡುತ್ತದೆ. ಕಂಡಕ್ಟಿವಿಟಿ ಡಿಗ್ರಿಗೆ ಸುಮಾರು ಶೇ. 2ರಷ್ಟು ಬದಲಾಗುತ್ತದೆ. ಸೆಲ್‌ನ ಉಷ್ಣತೆ ಸ್ಥಿರವಾಗುವವರೆಗೆ ಕಾಯಿರಿ.

ಯಂತ್ರ ಕೊಳ್ಳಬಹುದು ಎಂದೇ ಹೇಳುತ್ತೇನೆ. ಆದರೆ ಪಂಪ್ ಟ್ಯೂಬ್‌ಗಳನ್ನು ಆರ್ಡರ್‌ನಲ್ಲೇ ಹೆಚ್ಚುವರಿಯಾಗಿ ಸೇರಿಸಿ, ಬೇಕೆಂದಾಗ ತರಿಸಲು ಹೋದರೆ ವಾರಗಟ್ಟಲೆ ಕೆಲಸ ನಿಲ್ಲುತ್ತದೆ. ಅಳವಡಿಸಿದ ದಿನದ ಬ್ಯಾಕ್‌ಗ್ರೌಂಡ್, ಪಂಪ್ ಒತ್ತಡ, ಆಮ್ಲದ ಹರಿವು ಮೂರನ್ನೂ ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಎಂಜಿನಿಯರ್ ಕೈಯಲ್ಲೇ ಬರೆಸಿಕೊಳ್ಳಿ.