ಫೋರ್ಟಿಮ್ಯಾನೇಜರ್, ಪನೋರಮಾ: ಎರಡನ್ನೂ ನಡೆಸಿ ನೋಡಿದ ಮೇಲೆ

ವೈಟ್‌ಫೀಲ್ಡ್‌ನಲ್ಲಿ ಕೂತು ಪೀಣ್ಯದ ಫೈರ್‌ವಾಲ್‌ಗೆ (ನೆಟ್‌ವರ್ಕ್ ಕಾಯುವ ಬಾಕ್ಸ್) ತಪ್ಪು ಗೇಟ್‌ವೇ (ಹೊರಹೋಗುವ ದಾರಿಯ ವಿಳಾಸ) ಹಾಕಿದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷದ ಹಿಂದೆ ಒಂದು ರಾತ್ರಿ ನೇರವಾಗಿ ಬಾಕ್ಸ್‌ಗೇ ಲಾಗಿನ್ ಆಗಿ ಬದಲಾಯಿಸಿದ್ದೆ. ಸೇವ್ ಒತ್ತಿದ್ದೇ ತಡ, ಸಂಪರ್ಕ ಹೋಯಿತು. ಕನ್ಸೋಲ್ ಕೇಬಲ್ ಬ್ಯಾಗಿಗೆ ಹಾಕಿಕೊಂಡು ಹೆಬ್ಬಾಳ, ಗೊರಗುಂಟೆಪಾಳ್ಯ ದಾಟಿ ಫ್ಯಾಕ್ಟರಿ ತಲುಪಿ, ಅದನ್ನು ಸರಿಮಾಡುವಷ್ಟರಲ್ಲಿ ಬೆಳಗಿನ ಶಿಫ್ಟ್‌ನವರು ಬಂದಿದ್ದರು. ಗೇಟಿನಲ್ಲಿ ಲಾರಿಗಳು ಬಿಲ್‌ಗಾಗಿ ಕಾಯುತ್ತಿದ್ದವು.

ಈಗ ನನ್ನ ಕೈಯಲ್ಲಿ ಎರಡು ಸೆಂಟ್ರಲ್ ಮ್ಯಾನೇಜರ್‌ಗಳಿವೆ, ಅಂದರೆ ಎಲ್ಲ ಫೈರ್‌ವಾಲ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಗಳು. ನಮ್ಮ ಕಂಪನಿಯಲ್ಲಿ ಮೊದಲಿಂದ ಫೋರ್ಟಿಗೇಟ್ ಫೈರ್‌ವಾಲ್, ಅದಕ್ಕೆ ಫೋರ್ಟಿಮ್ಯಾನೇಜರ್. ಆಮೇಲೆ ನಮ್ಮ ಜೊತೆ ಸೇರಿದ ಕಂಪನಿಯಲ್ಲಿ ಪಾಲೊ ಆಲ್ಟೊ ಫೈರ್‌ವಾಲ್, ಅದಕ್ಕೆ ಪನೋರಮಾ. ಒಟ್ಟು ಒಂಬತ್ತು ಜಾಗ, ಪ್ರತಿ ಜಾಗದಲ್ಲೂ ಒಂದು ಜೋಡಿ ಫೈರ್‌ವಾಲ್, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಸೆಟ್ಟಿಂಗ್ ಮ್ಯಾನೇಜರ್‌ನಿಂದ ಬಾಕ್ಸ್‌ಗಳಿಗೆ ಎಷ್ಟು ಬೇಗ ಪುಶ್ ಆಗುತ್ತದೆ ಅನ್ನೋದು ನನಗೆ ಅಷ್ಟು ಮುಖ್ಯವಲ್ಲ. ಪುಶ್‌ಗೆ ಮೊದಲು ಏನು ತೋರಿಸುತ್ತದೆ, ತಪ್ಪಾದರೆ ಹೇಗೆ ವಾಪಸ್ ತರುತ್ತದೆ, ನಾನು ನೋಡೋದು ಇವೆರಡನ್ನೇ.

ಜೋಡಿಯ ವಿಷಯದಲ್ಲಿ ಫೋರ್ಟಿಮ್ಯಾನೇಜರ್ ಸುಲಭ. ಅದರ ಲೆಕ್ಕದಲ್ಲಿ ಎಚ್‌ಎ (ಹೈ ಅವೈಲಬಿಲಿಟಿ) ಕ್ಲಸ್ಟರ್, ಅಂದರೆ ಈ ಜೋಡಿ, ಒಂದೇ ಡಿವೈಸ್. ಸೆಟ್ಟಿಂಗ್ ಪ್ರೈಮರಿಗೆ ಹೋಗುತ್ತದೆ, ಮಿಕ್ಕಿದ್ದನ್ನು ಕ್ಲಸ್ಟರ್ ತಾನೇ ನೋಡಿಕೊಳ್ಳುತ್ತದೆ. ಪನೋರಮಾದಲ್ಲಿ ಎರಡೂ ಬಾಕ್ಸ್ ಬೇರೆ ಬೇರೆ ಕಾಣುತ್ತವೆ. ಪನೋರಮಾ ಕಳಿಸಿದ್ದು ಒಂದರಿಂದ ಇನ್ನೊಂದಕ್ಕೆ ತಾನಾಗಿ ಸಿಂಕ್ ಆಗುವುದಿಲ್ಲ, ಎರಡಕ್ಕೂ ಪುಶ್ ಮಾಡಬೇಕು. ಅದಕ್ಕೇ 'ಗ್ರೂಪ್ ಎಚ್‌ಎ ಪಿಯರ್ಸ್' ಅನ್ನೋ ಟಿಕ್ ಇದೆ. ಅದನ್ನು ಹಾಕಿಯೇ ಮುಂದೆ ಹೋಗಿ. ಇಲ್ಲದಿದ್ದರೆ ಫೇಲ್‌ಓವರ್ ಆದ ದಿನ, ಅಂದರೆ ಒಂದು ಬಾಕ್ಸ್ ಬಿದ್ದು ಇನ್ನೊಂದು ಕೆಲಸ ವಹಿಸಿಕೊಂಡ ದಿನ, ಹಳೇ ರೂಲ್ ಎದ್ದು ಬರುತ್ತದೆ.

ಯಾವ ಟ್ರಾಫಿಕ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನೋ ರೂಲ್‌ಗಳನ್ನು ಜೋಡಿಸೋದರಲ್ಲಿ ನನಗೆ ಪನೋರಮಾ ಹೆಚ್ಚು ಇಷ್ಟ. ಎಲ್ಲರಿಗೂ ಅನ್ವಯಿಸೋದು ಪ್ರೀ ರೂಲ್, ಕೊನೆಗೆ ಎಲ್ಲವನ್ನೂ ತಡೆಯೋದು ಪೋಸ್ಟ್ ರೂಲ್, ನಡುವೆ ಆಯಾ ಬಾಕ್ಸ್‌ನ ಸ್ವಂತ ರೂಲ್. ಮೇಲಿಂದ ಬಂದ ರೂಲನ್ನು ಬ್ರ್ಯಾಂಚ್‌ನವರು ಬಾಕ್ಸ್‌ನಲ್ಲಿ ತಿದ್ದಲಾರರು. ಆಡಿಟ್‌ಗೆ ಕೂತಾಗ ಇದು ಎಷ್ಟು ನೆಮ್ಮದಿ ಅಂತೀರಿ! ಫೋರ್ಟಿಮ್ಯಾನೇಜರ್‌ನಲ್ಲಿ ಪಾಲಿಸಿ ಪ್ಯಾಕೇಜ್ (ರೂಲ್‌ಗಳ ಕಟ್ಟು) ಅಂತ ಇರುತ್ತದೆ. ರೂಲ್‌ನಲ್ಲಿ ಬಳಸುವ ಆಬ್ಜೆಕ್ಟ್‌ನ (ವಿಳಾಸಕ್ಕೆ ಇಟ್ಟ ಹೆಸರು) ಹೆಸರು ಒಂದೇ ಇಟ್ಟು ಒಂದೊಂದು ಜಾಗಕ್ಕೆ ಒಂದೊಂದು ವಿಳಾಸ ಕೊಡಬಹುದು. ಸಣ್ಣ ಬ್ರ್ಯಾಂಚ್‌ಗಳಿಗೆ ಅಷ್ಟು ಸಾಕು.

ಆದರೆ ಫೋರ್ಟಿಮ್ಯಾನೇಜರ್‌ನ ಇನ್‌ಸ್ಟಾಲ್ ಪ್ರಿವ್ಯೂಗೆ ನಾನು ಋಣಿ. ಬಾಕ್ಸ್‌ಗೆ ಹೋಗಲಿರುವ ಕಮಾಂಡ್‌ಗಳನ್ನು ಅದು ಮೊದಲೇ ಸಾಲುಸಾಲಾಗಿ ತೋರಿಸುತ್ತದೆ. ಒಮ್ಮೆ ಎಲೆಕ್ಟ್ರಾನಿಕ್ ಸಿಟಿ ಆಫೀಸಿಗೆ ಒಂದೇ ಒಂದು ಅಡ್ರೆಸ್ ಸೇರಿಸುತ್ತಿದ್ದೆ. ನಾಲ್ಕೈದು ಸಾಲು ಬರಬೇಕಿತ್ತು. ಕೆಳಗೆ ನೋಡಿದರೆ ಫೈರ್‌ವಾಲ್ ಪಾಲಿಸಿ ಅಡಿಯಲ್ಲಿ 'ಡಿಲೀಟ್' ಅಂತ ಇದೆ, ಪಕ್ಕದಲ್ಲಿ ಒಂದು ನಂಬರ್. ಕೈ ತಡೆಯಿತು. ಅಲ್ಲಿನ ಹುಡುಗನಿಗೆ ಫೋನ್ ಮಾಡಿದೆ. "ಸಾರ್, ಸಿಸಿಟಿವಿಯವರಿಗೆ ಅಂತ ನಿನ್ನೆ ನಾನೇ ಬಾಕ್ಸ್‌ನಲ್ಲಿ ಹಾಕಿದ್ದೆ, ಹೇಳೋಕೆ ಮರೆತೆ" ಅಂದ. ಸುಮ್ನೆ ನೆಕ್ಸ್ಟ್ ಒತ್ತಿದ್ದರೆ ಆ ರೂಲ್ ಅಳಿಸಿಹೋಗುತ್ತಿತ್ತು. ಪನೋರಮಾದಲ್ಲೂ ಪ್ರಿವ್ಯೂ ಇದೆ, ಹಳೇದು ಹೊಸದು ಪಕ್ಕಪಕ್ಕ ತೋರಿಸುತ್ತದೆ. ನನ್ನ ಕಣ್ಣಿಗೆ ಮಾತ್ರ ಕಮಾಂಡ್ ಸಾಲುಗಳೇ ಬೇಗ ಹಿಡಿಯುತ್ತವೆ.

ವಾಪಸ್ ತರೋದರಲ್ಲಿ ಪನೋರಮಾ ಮನಸ್ಸು ಗೆದ್ದಿತು. ಇತ್ತೀಚೆಗೆ ನೆಲಮಂಗಲದ ಗೋಡೌನ್‌ಗೆ ಗೇಟ್‌ವೇಯಲ್ಲಿ ಒಂದು ಅಂಕಿ ತಪ್ಪಿ ಪುಶ್ ಮಾಡಿಬಿಟ್ಟೆ. ಎದೆ ಧಸಕ್ ಅಂತು. ಆದರೆ ಕಮಿಟ್ ಆದ ಮೇಲೆ, ಅಂದರೆ ಹೊಸ ಸೆಟ್ಟಿಂಗ್ ಜಾರಿಯಾದ ಮೇಲೆ, ಬಾಕ್ಸ್ ತಾನೇ ಪನೋರಮಾವನ್ನು ತಲುಪಲು ನೋಡಿತು, ಸಿಗಲಿಲ್ಲ, ಹಳೇ ಸೆಟ್ಟಿಂಗ್‌ಗೆ ಮರಳಿತು. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಮತ್ತೆ 'ಕನೆಕ್ಟೆಡ್'. ಫೋರ್ಟಿಗೇಟ್ ಕೂಡ ಸಂಪರ್ಕ ಕಡಿದರೆ ಹಿಂದಕ್ಕೆ ಹೋಗಲು ನೋಡುತ್ತದೆ. ಅದನ್ನು ಲ್ಯಾಬ್‌ನಲ್ಲಷ್ಟೇ ಪರೀಕ್ಷಿಸಿದ್ದೇನೆ.

ಯಾವುದನ್ನೇ ತೆಗೆದುಕೊಂಡರೂ ಮ್ಯಾನೇಜ್‌ಮೆಂಟ್ ಪೋರ್ಟ್ ಇಂಟರ್ನೆಟ್‌ಗೆ ತೆರೆದಿಡಬೇಡಿ. 2024ರ ಅಕ್ಟೋಬರ್‌ನಲ್ಲಿ ಫೋರ್ಟಿಮ್ಯಾನೇಜರ್‌ನಲ್ಲಿ, ನವೆಂಬರ್‌ನಲ್ಲಿ ಪನೋರಮಾವೂ ಸೇರಿದಂತೆ ಪ್ಯಾನ್‌-ಓಎಸ್‌ನಲ್ಲಿ (ಪಾಲೊ ಆಲ್ಟೊ ಬಾಕ್ಸ್‌ಗಳ ಸಾಫ್ಟ್‌ವೇರ್), ಪಾಸ್‌ವರ್ಡ್ ಇಲ್ಲದೆ ಒಳನುಗ್ಗಬಹುದಾದ ದೋಷಗಳು ಹೊರಬಂದವು. ಎಲ್ಲ ಬಾಗಿಲುಗಳ ಕೀಲಿ ಒಂದೇ ಕಡೆ ಇರುತ್ತದೆ, ಅಲ್ವಾ?

ಇಬ್ಬರು ಮೂವರು ಸೇರಿ ತುಂಬಾ ಬ್ರ್ಯಾಂಚ್ ನೋಡಿಕೊಳ್ಳೋದಾದರೆ ಫೋರ್ಟಿಮ್ಯಾನೇಜರ್. ರೂಲ್ ಜಾಸ್ತಿ, ಆಡಿಟ್ ಬಿಗಿ ಅಂದರೆ ಪನೋರಮಾ. ಡೆಮೊಗೆ ಬಂದವರಿಗೆ ಒಂದು ಮಾತು ಕೇಳಿ: "ತಪ್ಪು ಗೇಟ್‌ವೇ ಹಾಕಿ ಪುಶ್ ಮಾಡಿ, ಆಮೇಲೆ ಹತ್ತು ನಿಮಿಷ ಯಾರೂ ಕೀಬೋರ್ಡ್ ಮುಟ್ಟೋದು ಬೇಡ."