ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್: ಯಾವುದು ಯಾರಿಗೆ?

ನಿಮಿರುವಿಕೆಯ ತೊಂದರೆಗೆ ವೈದ್ಯರು ಹೆಚ್ಚಾಗಿ ಬರೆಯುವುದು ಈ ಎರಡು ಮಾತ್ರೆ. ಎರಡಕ್ಕೂ ಲೈಂಗಿಕ ಉದ್ರೇಕ ಬೇಕೇ ಬೇಕು. ಸಿಲ್ಡೆನಾಫಿಲ್ ಅರ್ಧದಿಂದ ಒಂದು ಗಂಟೆಯಲ್ಲಿ ಹಿಡಿದು, 4–5 ಗಂಟೆ ಇರುತ್ತದೆ. ಕಡುಬು, ಹಂದಿ ಸಾರು ಗಡದ್ದಾಗಿ ಉಂಡು ನುಂಗಿದರೆ ಮಾತ್ರ ತಡವಾಗುತ್ತದೆ. ಟಡಾಲಾಫಿಲ್‌ಗೆ ಊಟದ ಹಂಗಿಲ್ಲ, 36 ಗಂಟೆಯವರೆಗೂ ಇರುತ್ತದೆ. ಗಡಿಯಾರ ನೋಡುವ ಆತಂಕ ಬೇಡ ಎನ್ನುವವರಿಗೆ ಇದೇ ಒಳ್ಳೆಯದು ಅನ್ನಿಸುತ್ತದೆ, ಕೆಲವರಿಗೆ ಬೆನ್ನುನೋವು ಬಂದರೂ.

ಆದರೆ ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಬಳಸುವವರಿಗೆ ಎರಡೂ ಕೂಡದು. ರಕ್ತದೊತ್ತಡ ಪ್ರಾಣಕ್ಕೇ ಕುತ್ತಾಗುವಷ್ಟು ಕುಸಿಯಬಹುದು. ಹೆಚ್ಚು ಹೊತ್ತು ಇರುವ ಗುಣವೇ ಇಲ್ಲಿ ತೊಡಕು: ಸಿಲ್ಡೆನಾಫಿಲ್ ನುಂಗಿದ ಮೇಲೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ತೆಗೆದುಕೊಳ್ಳುವಂತಿಲ್ಲ. ಆಗುಂಬೆ, ಹೊಸನಗರದ ಕಡೆಯಿಂದ ಎದೆನೋವೆಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡಿಬಂದವರು, ಪಕ್ಕದಲ್ಲಿ ಅಣ್ಣತಮ್ಮಂದಿರಿದ್ದರೂ ಸಂಕೋಚಪಡದೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದು ಎಂದು ಮೊದಲೇ ಹೇಳಬೇಕು.

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ತೊಂದರೆಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳಿಯೇ ಈ ಮಾತ್ರೆ ಶುರುಮಾಡಿ. ಯಾವುದನ್ನೇ ನುಂಗಿದರೂ ನಿಮಿರುವಿಕೆ 4 ಗಂಟೆ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.